ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರ್ ಮನೆಯಲ್ಲೇ ಬದಲಿಸಿದವರು ಇದ್ದೀರಾ?

ಪೆರ್ಲದಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳು ಪ್ಲಸ್ ವನ್‌ನಲ್ಲಿ (ಹನ್ನೊಂದನೇ ತರಗತಿ) ಕಂಪ್ಯೂಟರ್ ಸಯನ್ಸ್ ತೆಗೆದುಕೊಂಡಿದ್ದಾಳೆ. ನನ್ನ ತಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ತೆಗೆದ ಡೆಲ್ ಇನ್‌ಸ್ಪಿರಾನ್ ಎನ್5110 ಮನೆಯಲ್ಲಿ ಉಂಟು. ಐ3-2310ಎಂ ಪ್ರೊಸೆಸರ್, 4 ಜಿಬಿ ರ್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಪರದೆ, ಕೀಬೋರ್ಡು ಎಲ್ಲ ಸರಿಯಾಗಿಯೇ ಇದೆ. ಆದರೆ ಆನ್ ಮಾಡಿ ಚಾ ಕುಡಿದು ಬಂದರೂ ಪೂರ್ತಿ ತೆರೆದುಕೊಂಡಿರುವುದಿಲ್ಲ. ಒಂದು ವಿಡಿಯೋ ಹಾಕಿದರೆ ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಅಡಿಭಾಗ ತೊಡೆಯ ಮೇಲೆ ಇಡಲಿಕ್ಕಾಗದಷ್ಟು ಸುಡುತ್ತದೆ. ಹೊಸತು ತೆಗೆಯುವ ಸ್ಥಿತಿ ಈ ವರ್ಷ ನಮಗಿಲ್ಲ. ಐ7 ಹಾಕಿಸಿದರೆ ಹೊಸದರ ಹಾಗೆ ಓಡುತ್ತದೆ ಅಂತ ಪರಿಚಯದವರೊಬ್ಬರು ಹೇಳಿದರು. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಬದಲಿಸಲಿಕ್ಕೇ ಬರುವುದಿಲ್ಲ ಅಂತ ಇನ್ನೊಬ್ಬರು. ಸ್ವತಃ ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ. ಮಗಳಿಗೂ ಬಿಚ್ಚಿ ನೋಡುವ ಉಮೇದು ಇದೆ.

ನೀರ್ಚಾಲಿನಿಂದ:

ಅಕ್ಕಾ, ಆ ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ನಿಜ ಉಂಟು. ಈಗ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಂಟೆಲ್‌ನ ಐದನೇ ತಲೆಮಾರಿನಿಂದ ಈಚೆಗೆ ಲ್ಯಾಪ್‌ಟಾಪ್ ಚಿಪ್ ಎಲ್ಲವೂ ಹಾಗೆಯೇ. ಅದನ್ನು ಮನೆಯಲ್ಲಿ ಕೂತು ಬದಲಿಸುವ ಮಾತೇ ಇಲ್ಲ. ಹೆಸರಿನ ಕೊನೆಗೆ ಯು ಅಕ್ಷರ ಇದ್ದರೆ ಹಳೆಯ ತಲೆಮಾರಿನದ್ದಾದರೂ ಬೆಸುಗೆಯದ್ದೇ. ನಾಲ್ಕನೇ ತಲೆಮಾರಿನಲ್ಲಿ ಎಂ, ಎಂಕ್ಯು ಅಂತ ಇದ್ದರೆ ಸಾಕೆಟ್ (ಚಿಪ್ಪನ್ನು ಕೂರಿಸಿ ತೆಗೆಯಲಿಕ್ಕಾಗುವ ಗೂಡು), ಎಚ್‌ಕ್ಯು ಅಂತ ಇದ್ದರೆ ಬೆಸುಗೆ.

ನಿಮ್ಮದು ಎರಡನೇ ತಲೆಮಾರು, 2011ರ ಕಾಲದ್ದು. ಕೊನೆಗೆ ಎಂ ಇದೆ. ಆದರೆ ಅಷ್ಟರಿಂದಲೇ ತೀರ್ಮಾನ ಮಾಡಬೇಡಿ. ಆ ಕಾಲದಲ್ಲಿ ಒಂದೇ ಹೆಸರಿನ ಚಿಪ್ಪನ್ನು ಸಾಕೆಟ್ಟಿಗೂ ಬೆಸುಗೆಗೂ ಎರಡು ನಮೂನೆಯಲ್ಲಿ ಬಿಟ್ಟದ್ದುಂಟು. ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಹಾಕಿ, ಮೊದಲ ಪುಟದಲ್ಲಿ ಪ್ಯಾಕೇಜ್ ಅನ್ನುವ ಸಾಲು ನೋಡಿ. ಅಲ್ಲಿ 988ಬಿ, ಆರ್‌ಪಿಜಿಎ ಅಂತ ಬಂದರೆ ಚಿಪ್ ಎಬ್ಬಿಸಿ ಬೇರೆ ಕೂರಿಸಬಹುದು. ಬಿಜಿಎ ಅಂತ ಬಂದರೆ ಆ ಆಸೆ ಬಿಟ್ಟು ರ್ಯಾಮ್ ಮತ್ತು ಡಿಸ್ಕ್ ಕಡೆ ನೋಡಿ.

ಇನ್ನೊಂದು ವಿಷಯ. ಮೂರನೇ ತಲೆಮಾರಿನ ಚಿಪ್ ಕೂಡ ಇದೇ ಸಾಕೆಟ್ಟಿನಲ್ಲಿ ಕೂರುತ್ತದೆ ಅಂತ ಯಾರಾದರೂ ಮಾರಲಿಕ್ಕೆ ಬಂದರೆ ತೆಗೆಯಬೇಡಿ. ಕೂರುವುದು ಬೇರೆ, ಓಡುವುದು ಬೇರೆ. ಬೋರ್ಡಿನ ಬಯೋಸ್‌ಗೆ (ಆನ್ ಮಾಡಿದಾಗ ಮೊದಲು ಓಡುವ ಒಳಗಿನ ತಂತ್ರಾಂಶ) ಆ ಚಿಪ್ಪಿನ ಗುರುತು ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕಂಪೆನಿಯವರು ಇದೇ ಮಾದರಿಯನ್ನು ಯಾವ ಯಾವ ಪ್ರೊಸೆಸರ್ ಹಾಕಿ ಮಾರಿದ್ದರೋ ಅದರೊಳಗಿನದ್ದೇ ಒಂದನ್ನು ಆರಿಸುವುದು ಕ್ಷೇಮ.

ಮಂಜೇಶ್ವರದಿಂದ:

ನನ್ನ ಅಭಿಪ್ರಾಯ ಬೇರೆ. ಪ್ರೊಸೆಸರ್ ಮುಟ್ಟಲೇ ಬೇಡಿ. ಆನ್ ಆಗಲಿಕ್ಕೆ ತಡ, ಒಂದು ಕಿಟಕಿ ತೆರೆಯಲಿಕ್ಕೆ ತಡ ಅಂದರೆ ಅದು ಹಾರ್ಡ್ ಡಿಸ್ಕಿನ ರೋಗ. ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ತಿರುಗುವ ಭಾಗವೇ ಇಲ್ಲದ ಹೊಸ ನಮೂನೆಯ ಡಿಸ್ಕ್, ಸಾಟಾ ಎಸ್‌ಎಸ್‌ಡಿ, 500ರ ಮೇಲೆ ಓದುತ್ತದೆ. ಅದಕ್ಕಿಂತ ಮುಖ್ಯ, ಸಣ್ಣ ಸಣ್ಣ ನೂರಾರು ಫೈಲುಗಳನ್ನು ಹುಡುಕುವಾಗ ಮುಳ್ಳು ಅತ್ತಿತ್ತ ಓಡುವ ಕೆಲಸವೇ ಅದರಲ್ಲಿಲ್ಲ. ನೀವು ಐ7 ಹಾಕಿದರೂ ಅದೇ ಹಳೆಯ ಡಿಸ್ಕಿನ ಮುಂದೆ ಕಾಯುತ್ತಾ ಕೂರಬೇಕು. ಎಸ್‌ಎಸ್‌ಡಿ ಹಾಕಿ, ರ್ಯಾಮ್ 8 ಜಿಬಿ ಮಾಡಿ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಇಷ್ಟೇ ಮಾಡಿದ್ದು. ಇಬ್ಬರು ಮಕ್ಕಳು ಓದಿ ಮುಗಿಸಿದರು.

ರ್ಯಾಮ್ ತೆಗೆಯುವಾಗ 4 ಜಿಬಿಯ ಎರಡು ಕಡ್ಡಿ ಹಾಕಿ, ಡಿಡಿಆರ್3, 1333ರದ್ದು. ಬೇರೆಯೇ ಗ್ರಾಫಿಕ್ಸ್ ಚಿಪ್ ಇಲ್ಲದ ಯಂತ್ರದಲ್ಲಿ ಚಿತ್ರಕ್ಕೂ ಇದೇ ರ್ಯಾಮ್ ಬಳಕೆಯಾಗುವುದರಿಂದ ಎರಡು ಕಡ್ಡಿ ಜೋಡಿಯಾಗಿ ಓಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಪೆರ್ಲದಿಂದ:

ಮಗಳು ನೋಡಿದಳು. ಸಿಪಿಯು-ಝಡ್‌ನಲ್ಲಿ 988ಬಿ ಅಂತಲೇ ಇದೆ. ಹಾಗಾದರೆ ಸಾಕೆಟ್ ಅಲ್ಲವೇ? ಮಂಜೇಶ್ವರದ ಅಣ್ಣ ಹೇಳಿದ ಹಾಗೆ ಮೊದಲು ಡಿಸ್ಕ್ ಮಾತ್ರ ಬದಲಿಸುವ ಅಂತ ಅಡಿಯ ಮುಚ್ಚಳ ತೆಗೆದು ನೋಡಿದೆವು. ರ್ಯಾಮ್ ಕಾಣಿಸಿತು, ಡಿಸ್ಕ್ ಎಲ್ಲಿಯೂ ಕಾಣಲಿಲ್ಲ!

ಮುಳ್ಳೇರಿಯದಿಂದ:

ಅಕ್ಕಾ, ಡಿಸ್ಕ್ ಕಾಣದ್ದು ನಿಮ್ಮ ತಪ್ಪಲ್ಲ. ಎನ್5110ರಲ್ಲಿ ಹಾರ್ಡ್ ಡಿಸ್ಕ್ ಇರುವುದು ಮದರ್‌ಬೋರ್ಡಿನ ಅಡಿಯಲ್ಲಿ. ಬ್ಯಾಟರಿ, ಡಿವಿಡಿ ಡ್ರೈವ್, ಕೀಬೋರ್ಡು, ಕೈ ಊರುವ ಮೇಲಿನ ಭಾಗ ಎಲ್ಲ ಬಿಚ್ಚಿ, ಬೋರ್ಡ್ ಎತ್ತಿದರೆ ಮಾತ್ರ ಅದು ಸಿಗುವುದು. ನಾನು ಈ ಮಾದರಿಯನ್ನು ನಮ್ಮ ಮನೆಯಲ್ಲೂ ನೆಂಟರಲ್ಲೂ ಬಿಚ್ಚಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮಂಜೇಶ್ವರದ ಅಣ್ಣನ ಮಾತು ಬೇರೆ ಯಾವ ಲ್ಯಾಪ್‌ಟಾಪಿಗಾದರೂ ನೂರಕ್ಕೆ ನೂರು ಒಪ್ಪುವಂಥದ್ದು. ಆದರೆ ಇದರಲ್ಲಿ ಡಿಸ್ಕಿಗಾಗಿ ಅಷ್ಟೂ ಬಿಚ್ಚಿದ ಮೇಲೆ ಪ್ರೊಸೆಸರ್ ನಿಮ್ಮ ಕೈಯಲ್ಲೇ ಇರುತ್ತದೆ. ಚಿಪ್ಪಿನ ಬಿಸಿ ಎಳೆಯುವ ಹೀಟ್‌ಸಿಂಕ್ ತೆಗೆದು, ಎರಡರ ನಡುವೆ ಬಿಸಿ ದಾಟಿಸುವ ಹಳೆಯ ಪೇಸ್ಟ್ ಒರೆಸುವುದು ಹೇಗೂ ಆಗಲೇಬೇಕು, ಇಲ್ಲದಿದ್ದರೆ ಆ ಬಿಸಿ ಹೋಗುವುದಿಲ್ಲ. ಅದು ತೆಗೆದ ಮೇಲೆ ಚಿಪ್ ಬದಲಿಸಲಿಕ್ಕೆ ಉಳಿಯುವುದು ಒಂದು ಸ್ಕ್ರೂ ಮಾತ್ರ. ಎರಡು ಸಲ ಬಿಚ್ಚುವುದಕ್ಕಿಂತ ಒಂದೇ ಸಲ ಡಿಸ್ಕ್, ಪೇಸ್ಟ್, ಪ್ರೊಸೆಸರ್ ಮೂರೂ ಮುಗಿಸಿಬಿಡಿ. ಹಳೆಯ ಪ್ಲಾಸ್ಟಿಕ್ ಕೊಕ್ಕೆಗಳು ಪದೇ ಪದೇ ಎಬ್ಬಿಸಿದರೆ ಮುರಿಯುತ್ತವೆ.

ಯಾವ ಚಿಪ್ ಅಂತ ಕೇಳಿದರೆ, ನಾನು ಹೇಳುವುದು ಐ5-2520ಎಂ ಅಥವಾ 2540ಎಂ. ನಿಮ್ಮ ಐ3 ಯಾವಾಗಲೂ 2.1 ಗಿಗಾಹರ್ಟ್ಸ್‌ಗೆ ಮೇಲೆ ಹೋಗುವುದಿಲ್ಲ, ಅಗತ್ಯ ಬಿದ್ದಾಗ ತಾನೇ ವೇಗ ಏರಿಸುವ ಟರ್ಬೋ ಅದಕ್ಕೆ ಇಲ್ಲ. 2520ಎಂ 2.5ರಿಂದ 3.2ರ ವರೆಗೆ ಏರುತ್ತದೆ. ಎರಡಕ್ಕೂ 35 ವಾಟ್ ಲೆಕ್ಕ, ಹಾಗಾಗಿ ಇರುವ ಹೀಟ್‌ಸಿಂಕ್, ಇರುವ ಚಾರ್ಜರ್ ಸಾಕು. ಐ3ಯಲ್ಲಿ ಇಲ್ಲದ ಎಇಎಸ್ ಸೌಲಭ್ಯವೂ (ಮಾಹಿತಿಯನ್ನು ಗುಪ್ತಲಿಪಿಗೆ ಬೇಗ ಬದಲಿಸುವಂಥದ್ದು) ಐ5ರಲ್ಲಿ ಉಂಟು, ಡಿಸ್ಕಿಗೆ ಬೀಗ ಹಾಕಿ ಬಳಸುವವರಿಗೆ ಅದು ದೊಡ್ಡ ಉಪಕಾರ. ಐ7 ಬೇಕೆಂದು ಹಟ ಮಾಡಿದರೆ ಎರಡು ವಿಷಯ ತಿಳಿದಿರಲಿ. ಐ7-2640ಎಂ ಅನ್ನುವುದರಲ್ಲಿ ಇರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಹೆಸರು ಐ7 ಆದ ಮಾತ್ರಕ್ಕೆ ನಾಲ್ಕು ಅಲ್ಲ. ನಾಲ್ಕು ಕೋರಿನ 2670ಕ್ಯುಎಂ ಈ ಮಾದರಿಯಲ್ಲಿ ಕಂಪೆನಿಯಿಂದಲೇ ಬಂದದ್ದುಂಟು, ಆದರೆ ಅದು 45 ವಾಟ್. ಬೇರೆ ಗ್ರಾಫಿಕ್ಸ್ ಇರುವ ಯಂತ್ರಕ್ಕೂ ಇಲ್ಲದ್ದಕ್ಕೂ ಹೀಟ್‌ಸಿಂಕ್ ಬೇರೆ ಬೇರೆ ಇರಬಹುದು, ಚಾರ್ಜರ್ ಕೂಡ 65ರ ಬದಲು 90 ವಾಟಿನದ್ದು ಬೇಕಾದೀತು. ಸಿ ಪ್ಲಸ್ ಪ್ಲಸ್ ಬರೆದು ಓಡಿಸಲಿಕ್ಕೆ, ವಿಡಿಯೋ ಪಾಠ ನೋಡಲಿಕ್ಕೆ ಅಷ್ಟೆಲ್ಲ ಖಂಡಿತ ಬೇಡ.

ಈಗ ಬಿಚ್ಚುವ ಕೆಲಸ. ಡೆಲ್‌ನವರ ಸರ್ವಿಸ್ ಮ್ಯಾನುವಲ್ ಅವರ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ, ಅದನ್ನು ಇಳಿಸಿ ಮೊಬೈಲಿನಲ್ಲಿ ಎದುರಿಗೆ ಇಟ್ಟುಕೊಳ್ಳಿ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಆ ಆ ಜಾಗದಲ್ಲೇ ಚುಚ್ಚಿ ಇಡಿ. ಉದ್ದ ಗಿಡ್ಡ ಅದಲು ಬದಲಾಗಿ ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಬಿಗಿದರೆ ಬೋರ್ಡ್ ತೂತಾಗುತ್ತದೆ. ಬ್ಯಾಟರಿ ತೆಗೆದು, ಚಾರ್ಜರ್ ಕಳಚಿ, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯಲಿ. ಕೀಬೋರ್ಡಿನ ಪಟ್ಟಿ ತಂತಿಯನ್ನು ಎಳೆಯಲೇಬಾರದು. ಅದನ್ನು ಹಿಡಿದಿರುವ ಸಣ್ಣ ಪ್ಲಾಸ್ಟಿಕ್ ಚಿಲಕವನ್ನು ಉಗುರಿನಿಂದ ಮೇಲಕ್ಕೆ ಎತ್ತಿದರೆ ತಂತಿ ತಾನೇ ಸಡಿಲಾಗುತ್ತದೆ. ನಮ್ಮ ಕಡೆ ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿದಿದ್ದರೆ ಅಳತೆಗೆ ಸರಿಯಾದ ತುದಿಯ ಸ್ಕ್ರೂಡ್ರೈವರನ್ನು ಕೆಳಗೆ ಬಲವಾಗಿ ಒತ್ತಿಯೇ ತಿರುಗಿಸಿ. ತಲೆ ಸವೆದರೆ ಮತ್ತೆ ಬಹಳ ಕಷ್ಟ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತದೆ. ಒಂದನ್ನೇ ಪೂರ್ತಿ ತೆಗೆಯದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಗಿಯುವಾಗಲೂ ಆ ಅಂಕಿಯ ಕ್ರಮದಲ್ಲೇ. ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಬರುವುದಿಲ್ಲ. ನಮ್ಮಲ್ಲಿ ಮುರಕಲ್ಲಿನ ಕೆಂಪು ಧೂಳು ಬೇರೆ ಸೇರಿ ಗಟ್ಟಿಯಾಗಿರುತ್ತದೆ. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದ ಎಬ್ಬಿಸಿ. ನಿಮ್ಮ ಅರ್ಧ ಬಿಸಿಯ ಕಾರಣ ಅಲ್ಲೇ ಸಿಕ್ಕೀತು.

ಚಿಪ್ಪಿನ ಸಾಕೆಟ್ಟಿನ ಬದಿಯಲ್ಲಿ ಚಪ್ಪಟೆ ತಲೆಯ ಒಂದು ತಿರುಪು ಇರುತ್ತದೆ, ಹತ್ತಿರವೇ ಬೀಗದ ಗುರುತು. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಹಿಡಿತ ಬಿಡುತ್ತದೆ, ಚಿಪ್ಪನ್ನು ಅಂಚು ಹಿಡಿದು ನೇರ ಮೇಲಕ್ಕೆ ಎತ್ತಿ. ಸೂಜಿಗಳು ಇರುವುದು ಚಿಪ್ಪಿನಲ್ಲಿ, ಸಾಕೆಟ್ಟಿನಲ್ಲಿ ತೂತುಗಳು ಮಾತ್ರ. ಹೊಸ ಚಿಪ್ಪಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನ ಉಂಟು, ಸಾಕೆಟ್ಟಿನ ಗುರುತಿನ ಮೂಲೆಗೆ ಅದನ್ನು ಹೊಂದಿಸಿ ಸುಮ್ಮನೆ ಇಡಿ. ಸರಿ ಇದ್ದರೆ ತನ್ನ ಭಾರಕ್ಕೇ ಕೆಳಗೆ ಇಳಿದು ಕೂರುತ್ತದೆ. ಇಳಿಯದಿದ್ದರೆ ಒತ್ತಬೇಡಿ, ಎತ್ತಿ ಸೂಜಿ ಬಾಗಿದೆಯೋ ನೋಡಿ. ಮತ್ತೆ ತಿರುಪನ್ನು ಬೀಗದ ಕಡೆಗೆ ತಿರುಗಿಸಲಿಕ್ಕೆ ಮರೆಯಬಾರದು.

ಲ್ಯಾಪ್‌ಟಾಪ್ ಚಿಪ್ಪಿಗೆ ಮೇಲೆ ಲೋಹದ ಟೊಪ್ಪಿ ಇಲ್ಲ. ನಡುವಿನ ಆ ಹೊಳೆಯುವ ಚೌಕವೇ ಸಿಲಿಕಾನ್. ಹೀಟ್‌ಸಿಂಕ್ ಓರೆಯಾಗಿ ಇಟ್ಟರೆ ಅದರ ಮೂಲೆ ಒಡೆಯುತ್ತದೆ, ಒಡೆದರೆ ಚಿಪ್ ಸತ್ತ ಹಾಗೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಹಳೆಯ ಪೇಸ್ಟನ್ನು ಎರಡೂ ಕಡೆಯಿಂದ ಒರೆಸಿ, ಆರಿದ ಮೇಲೆ ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಹೀಟ್‌ಸಿಂಕನ್ನು ಸಮತಟ್ಟಾಗಿ ಇಳಿಸಿ. ಹತ್ತಿರದ ಬೇರೆ ಚಿಪ್‌ಗಳ ಮೇಲೆ ಮೆತ್ತನೆಯ ಪ್ಯಾಡ್ ಇದ್ದರೆ ಅದನ್ನು ಕಿತ್ತು ಪೇಸ್ಟ್ ಹಚ್ಚಬೇಡಿ. ಅಲ್ಲಿಯ ಅಂತರ ಪೇಸ್ಟಿಗೆ ತುಂಬುವಂಥದ್ದಲ್ಲ.

ಕುಂಬಳೆಯಿಂದ:

ಚಿಪ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ. ಹೊಸತು ಎಲ್ಲಿಯೂ ಇಲ್ಲ, ಎಲ್ಲ ಹಳೆಯ ಯಂತ್ರದಿಂದ ತೆಗೆದದ್ದೇ. ರೈಲಿನಲ್ಲಿ ಮಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಅಲ್ಲಿಯ ರಿಪೇರಿ ಅಂಗಡಿಗಳಲ್ಲಿ ಬೋರ್ಡ್ ಹೋದ ಲ್ಯಾಪ್‌ಟಾಪಿನ ಚಿಪ್ ಇದೆಯಾ ಅಂತ ವಿಚಾರಿಸಲಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇಂಥದ್ದು ರಾಶಿ ಇರುತ್ತದೆ. ನಾನು ಹೋಗುವಾಗ ಹಳೆಯ ಚಿಪ್ಪಿನ ಫೋಟೋ ಹಿಡಿದುಕೊಂಡು ಹೋಗುತ್ತೇನೆ, ಬಾಯಿಮಾತಿನಲ್ಲಿ ಕೇಳಿದರೆ ಕೆಲವರು ಡೆಸ್ಕ್‌ಟಾಪಿನದ್ದು ತೆಗೆದು ತೋರಿಸುತ್ತಾರೆ.

ಕೈಗೆ ಬಂದ ಮೇಲೆ ತಿರುಗಿಸಿ ನೋಡಿ. ಅಡಿಯಲ್ಲಿ ಸೂಜಿ ಇರಬೇಕು. ಸಣ್ಣ ಸಣ್ಣ ಲೋಹದ ಉಂಡೆಗಳಿದ್ದರೆ ಅದು ಬೆಸುಗೆಯದ್ದು, ನಿಮಗೆ ಆಗದು. ಸೂಜಿ ಸಾಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬಾಗಿದ್ದು ಒಂದಿದ್ದರೂ ಗೊತ್ತಾಗುತ್ತದೆ. ಮೇಲೆ ಎಸ್‌ಆರ್ ಅಂತ ಶುರುವಾಗುವ ಐದು ಅಕ್ಷರದ ಗುರುತು ಇರಬೇಕು. ಕ್ಯು ಅಂತ ಶುರುವಾದರೆ ಅದು ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆಗೆ ಕೊಟ್ಟ ಮಾದರಿ, ಎಷ್ಟು ಅಗ್ಗ ಕೊಟ್ಟರೂ ಬೇಡ. ಓಡದಿದ್ದರೆ ಹಿಂದೆ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ, ಬಿಲ್ಲಿನಲ್ಲಿ ಬರೆಸಿ.

ಹೊಸಂಗಡಿಯಿಂದ:

ಇಷ್ಟೆಲ್ಲ ಮಾಡುವಾಗ ಒಂದು ವಿಷಯ ಬಿಟ್ಟುಹೋಗಿದೆ. ಏನು ಹಾಕಿದರೂ ಈ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಅದಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ. ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿತದ್ದು ಕೇರಳ ಸರಕಾರದ ಕೈಟ್ ಸಂಸ್ಥೆಯ, ಉಬುಂಟು ಆಧಾರದ ಕೈಟ್ ಲಿನಕ್ಸ್‌ನಲ್ಲೇ, ನಿಮ್ಮ ಮಗಳಿಗೆ ಅದು ಹೊಸತಲ್ಲ. ಕನ್ನಡ ಟೈಪಿಂಗ್, ಪ್ರೋಗ್ರಾಂ ಬರೆಯುವ ಜೀನಿ, ಸಿ ಪ್ಲಸ್ ಪ್ಲಸ್ ಕಂಪೈಲರ್ ಎಲ್ಲ ಸಿಗುತ್ತದೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಇದಕ್ಕಿಂತ ಹಳೆಯ ಯಂತ್ರದಲ್ಲೂ ಮಕ್ಕಳು ಚೆನ್ನಾಗಿ ಕೆಲಸ ಮಾಡಿದ್ದನ್ನು ಕಂಡಿದ್ದೇನೆ.

ಯೂಟ್ಯೂಬ್ ನೋಡುವಾಗ ಬಿಸಿಯಾಗುವುದಕ್ಕೂ ಒಂದು ಕಾರಣ ಉಂಟು. ಈಗಿನ ವಿಡಿಯೋಗಳು ಬರುವ ವಿಪಿ9 ನಮೂನೆಯನ್ನು ಈ ಕಾಲದ ಗ್ರಾಫಿಕ್ಸ್ ಬಿಡಿಸಲಾರದು, ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎಚ್264ಇಫೈ ಅನ್ನುವ ಸಣ್ಣ ಎಕ್ಸ್‌ಟೆನ್ಶನ್ ಹಾಕಿದರೆ ಹಳೆಯ ನಮೂನೆಯಲ್ಲೇ ವಿಡಿಯೋ ಬರುತ್ತದೆ. ಅದನ್ನು ಬಿಡಿಸುವ ಶಕ್ತಿ ಈ ಗ್ರಾಫಿಕ್ಸ್‌ಗೆ ಇದೆ.

ಪೆರ್ಲದಿಂದ:

ಎಲ್ಲರಿಗೂ ತುಂಬಾ ಉಪಕಾರ. ಟೀಚರ್, ಕೈಟ್ ಲಿನಕ್ಸ್ ಅಂದ ಕೂಡಲೇ ಮಗಳು ಖುಷಿಯಾದಳು. 2520ಎಂ ತರಿಸುವುದು ಅಂತ ತೀರ್ಮಾನ ಮಾಡಿದ್ದೇವೆ. ಮುಳ್ಳೇರಿಯದ ಅಣ್ಣ, ಒಂದು ಹೆದರಿಕೆ ಮಾತ್ರ ಉಳಿದಿದೆ. ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಏನೂ ಬಾರದಿದ್ದರೆ?

ಮುಳ್ಳೇರಿಯದಿಂದ:

ಮೊದಲ ಸಲ ಕೆಲವು ಕ್ಷಣ ಹೆಚ್ಚು ಕಪ್ಪಾಗಿ ನಿಲ್ಲಬಹುದು, ಕಾಯಿರಿ. ಬಾರದಿದ್ದರೆ ರ್ಯಾಮ್ ಕಡ್ಡಿ ತೆಗೆದು ಒಂದನ್ನೇ ಹಾಕಿ ನೋಡಿ, ಹೆಚ್ಚಾಗಿ ತೊಂದರೆ ಅಲ್ಲಿರುತ್ತದೆ. ಆಗಲೂ ಇಲ್ಲವಾದರೆ ಸಾಕೆಟ್ಟಿನ ತಿರುಪು ಬೀಗದ ಕಡೆ ಇದೆಯಾ ನೋಡಿ. ಕೊನೆಗೆ ಹಳೆಯ ಐ3ಯನ್ನೇ ಮತ್ತೆ ಕೂರಿಸಿ. ಅದರಲ್ಲಿ ಓಡಿದರೆ ಚಿಪ್ಪಿನ ದೋಷ, ಅಂಗಡಿಗೆ ಹಿಂದೆ ಕೊಡಿ. ಅದಕ್ಕೇ ಹಳೆಯದನ್ನು ಸೂಜಿ ಬಾಗದ ಹಾಗೆ ಹೊಸ ಚಿಪ್ ಬಂದ ಡಬ್ಬಿಯಲ್ಲಿಯೇ ಇಡಬೇಕು.

ಓಡಿದ ಮೇಲೆ ಒಂದು ಗಂಟೆ ವಿಡಿಯೋ ಹಾಕಿ ಬಿಸಿ ನೋಡಿ. ಲಿನಕ್ಸ್‌ನಲ್ಲಿ ಸೆನ್ಸರ್ಸ್ ಅನ್ನುವ ಆದೇಶ ಕೊಟ್ಟರೆ ಡಿಗ್ರಿ ಬರುತ್ತದೆ. ಈ ಚಿಪ್ಪಿನ ಮಿತಿ 100 ಡಿಗ್ರಿ. ಎಂಬತ್ತರ ಆಚೀಚೆ ನಿಂತರೆ ನಿಶ್ಚಿಂತೆ. ತೊಂಬತ್ತೈದು ದಾಟುತ್ತಾ ಹೋದರೆ ಹೀಟ್‌ಸಿಂಕ್ ಸರಿ ಕೂತಿಲ್ಲ ಅಂತ ಅರ್ಥ. ಈ ಕೆಲಸವನ್ನು ಮಳೆ ಬಿಟ್ಟ ದಿನ ಹಗಲಲ್ಲೇ ಮಾಡಿ, ತುಲಾ ತಿಂಗಳ ಸಂಜೆಯ ಗುಡುಗಿನ ಹೊತ್ತಿಗೆ ಚಾರ್ಜರ್ ಸಿಕ್ಕಿಸಿ ಪರೀಕ್ಷೆ ಮಾಡುವುದು ಬೇಡ. ಪೇಸ್ಟ್, ಆಲ್ಕೋಹಾಲ್, ಸರಿಯಾದ ಸ್ಕ್ರೂಡ್ರೈವರ್ ನನ್ನಲ್ಲಿ ಉಂಟು. ಚಿಪ್ ಬಂದ ಮೇಲೆ ಒಂದು ಆದಿತ್ಯವಾರ ತಿಳಿಸಿದರೆ ಬದಿಯಡ್ಕದ ವರೆಗೆ ನಾನು ಬರುತ್ತೇನೆ, ಬಿಚ್ಚುವುದು ನಿಮ್ಮ ಮಗಳೇ ಬಿಚ್ಚಲಿ.