ಫ್ಲಶ್, ಡ್ರೇನ್, ರಾ: ಟರ್ಮಿನಲ್ ಕರೆಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಓಪನ್‌ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ಕೆಲಸ ಮಾಡುವ ಪ್ರೋಗ್ರಾಮರ್‌ಗಳಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಟರ್ಮಿನಲ್ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಯುನಿಕ್ಸ್ ಬಳಸುವವರಿಗೆ ಟರ್ಮಿಯಾಸ್, ಅಂದರೆ ಟರ್ಮಿನಲ್ ನಿಯಂತ್ರಿಸುವ ಕರೆಗಳ (ಫಂಕ್ಷನ್‌ಗಳ) ಗುಂಪು, ಹೊಸದಲ್ಲ. ಯುನಿಕ್ಸ್ ಮಾದರಿಯ ಸಿಸ್ಟಂಗಳ ಮಾನಕವಾದ ಪೋಸಿಕ್ಸ್‌ನ 1988ರ ಆವೃತ್ತಿಯಲ್ಲೇ ಅದಿತ್ತು. ಓಪನ್‌ವಿಎಂಎಸ್ ಅದಕ್ಕಿಂತ ಹಳೆಯದು, 1970ರ ದಶಕದ್ದು. ಟರ್ಮಿನಲ್‌ ಜೊತೆ ಮಾತಾಡಲು ಅದಕ್ಕೆ ಕ್ಯೂಐಒ ಎಂಬ ತನ್ನದೇ ಕರೆ ಇದೆ. ಹಾಗಾಗಿ ಟರ್ಮಿಯಾಸ್ ಕರೆಗಳು ಅದರ ಸಿ ಲೈಬ್ರರಿಯಲ್ಲಿ ಬಹಳ ಕಾಲ ಇರಲೇ ಇಲ್ಲ. ಯುನಿಕ್ಸ್‌ನ ಎಡಿಟರ್ ಒಂದನ್ನು ತಂದು ಕಂಪೈಲ್ ಮಾಡಹೊರಟವರು ಎಡವುವುದು ಇಲ್ಲೇ. ಈ ಕರೆಗಳನ್ನು ಕ್ಯೂಐಒ ಮೇಲೆ ಒಂದು ಪದರವಾಗಿ ಕಟ್ಟಿಕೊಡಬಹುದು. ಕೋಡ್ ಆಯಿತು. ಈಗ ಪದಗಳದ್ದೇ ತೊಡಕು.

ಮೊದಲು ಫ್ಲಶ್. ಇದೇ ದೊಡ್ಡ ತಲೆನೋವು. ಸಿ ಭಾಷೆಯ ಎಫ್‌ಫ್ಲಶ್ ಅಂದರೆ ಬಫರ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಉಳಿದದ್ದನ್ನೆಲ್ಲ ಹೊರಗೆ ಕಳಿಸು ಅಂತ. ಟರ್ಮಿಯಾಸ್‌ನ ಟಿಸಿಫ್ಲಶ್ ಅಂದರೆ ಇನ್ನೂ ಹೋಗದೆ, ಇನ್ನೂ ಓದದೆ ಉಳಿದದ್ದನ್ನು ಬಿಸಾಡು ಅಂತ. ಹೆಸರು ಒಂದೇ, ಕೆಲಸ ಪೂರ್ತಿ ಉಲ್ಟಾ. ನಾನು ಮೊದಲ ಕರಡಿನಲ್ಲಿ ಎರಡಕ್ಕೂ ‘ಖಾಲಿ ಮಾಡು’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು ತಮ್ಮ ಪ್ರೋಗ್ರಾಂ ಮುಗಿಯುವ ಜಾಗದಲ್ಲಿ ಟಿಸಿಫ್ಲಶ್ ಕರೆದರು. 9600 ಬಾಡ್ ವೇಗದ, ಅಂದರೆ ನಿಧಾನದ, ಸೀರಿಯಲ್ ಲೈನ್‌ನಲ್ಲಿ ವರದಿಯ ಕೊನೆಯ ಸಾಲುಗಳು ತೆರೆಗೆ ಬರಲೇ ಇಲ್ಲ. ಅವರು ಓದಿದ್ದು ಸರಿಯಾಗಿಯೇ ಇತ್ತು, ತಪ್ಪು ನನ್ನ ಪದದ್ದು. ಅವರಿಗೆ ಬೇಕಿದ್ದದ್ದು ಟಿಸಿಡ್ರೇನ್, ಅಂದರೆ ಎಲ್ಲ ಹೋಗಿ ಮುಗಿಯುವವರೆಗೆ ಕಾಯುವ ಕರೆ.

ಈಗ ಹೀಗೆ ಯೋಚಿಸಿದ್ದೇನೆ: ಎಫ್‌ಫ್ಲಶ್‌ಗೆ ‘ಹೊರದಬ್ಬು’, ಟಿಸಿಫ್ಲಶ್‌ಗೆ ‘ಚೆಲ್ಲು’, ಟಿಸಿಡ್ರೇನ್‌ಗೆ ‘ಬಸಿ’. ಚೆಲ್ಲಿದ್ದು ಮತ್ತೆ ಸಿಗಲ್ಲ ಅನ್ನುವುದು ಆ ಪದದಲ್ಲೇ ಇದೆ. ಬಸಿಯುವಾಗ ಪೂರ್ತಿ ಇಳಿಯುವವರೆಗೆ ಕಾಯಲೇಬೇಕು. ಆದರೆ ಬಸಿದ ನೀರನ್ನೂ ಚೆಲ್ಲುತ್ತೇವಲ್ಲ, ಓದುಗರಿಗೆ ಗೊಂದಲ ಆಗಬಹುದಾ? ಆಗುತ್ತೆ ಅನ್ನಿಸಿದರೆ ‘ಹೋಗುವವರೆಗೆ ಕಾಯಿ’ ಅಂತಲೇ ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಎರಡನೆಯದು ರಾ ಮೋಡ್. ಒತ್ತಿದ್ದೆಲ್ಲ, ಕಂಟ್ರೋಲ್-ಸಿ ಕೂಡ, ಬರೀ ಅಕ್ಷರವಾಗಿ ಹಾಗೇ ಪ್ರೋಗ್ರಾಂಗೆ ಸಿಗುವ ಸ್ಥಿತಿ ಇದು. ಸುಮ್ನೆ ‘ಕಚ್ಚಾ’ ಅಂದುಬಿಡಬಹುದಿತ್ತು, ಕಚ್ಚಾ ವಸ್ತು ಎಲ್ಲರಿಗೂ ಗೊತ್ತು. ಆದರೆ ಇದಕ್ಕೆ ಜೋಡಿ ಕುಕ್ಡ್ ಮೋಡ್. ಅಲ್ಲಿ ಸಾಲು ಮುಗಿಸಿ ಎಂಟರ್ ಒತ್ತುವವರೆಗೆ ಪ್ರೋಗ್ರಾಂಗೆ ಏನೂ ಸಿಗಲ್ಲ. ತಪ್ಪು ಅಕ್ಷರ ಅಳಿಸುವುದೆಲ್ಲ ಡ್ರೈವರ್ (ಟರ್ಮಿನಲ್ ನಡೆಸುವ ಸಿಸ್ಟಂ ತಂತ್ರಾಂಶ) ಮಟ್ಟದಲ್ಲೇ ಆಗಿಹೋಗುತ್ತೆ. ಇವೆರಡರ ನಡುವೆ ಸಿಬ್ರೇಕ್ ಇದೆ: ಅಕ್ಷರಗಳು ಒಂದೊಂದಾಗಿ ತಕ್ಷಣ ಸಿಗುತ್ತವೆ, ಆದರೆ ಪ್ರೋಗ್ರಾಂ ನಿಲ್ಲಿಸುವ ಕಂಟ್ರೋಲ್-ಸಿ ಇನ್ನೂ ಕೆಲಸ ಮಾಡುತ್ತೆ. ಹಾಗಾದರೆ ಹಸಿ, ಅರೆಬೆಂದ, ಬೆಂದ! ಮೂರೂ ಅಚ್ಚಗನ್ನಡ, ಮೂರೂ ಒಂದೇ ಸಾಲಿನವು. ನನಗಂತೂ ಇದು ಬಹಳ ಹಿಡಿಸಿದೆ. ‘ಹಸಿ’ ಅಂದಾಗ ಒದ್ದೆ ಎನ್ನುವ ಅರ್ಥ ಮೊದಲು ಹೊಳೆಯುತ್ತದಾ, ಅದೊಂದೇ ಅನುಮಾನ.

ಕ್ಯಾನಾನಿಕಲ್ ಮೋಡ್‌ಗೆ, ಅಂದರೆ ಸಾಲುಸಾಲಾಗಿ ಓದುವ ಸ್ಥಿತಿಗೆ, ‘ಅಂಗೀಕೃತ’ ಬೇಡ, ಅದರಿಂದ ಯಾರಿಗೂ ಏನೂ ತಿಳಿಯಲ್ಲ. ‘ಸಾಲು ಮೋಡ್’ ಸಾಕು.

ಇನ್ನು ಎಕೋ, ಅಂದರೆ ಒತ್ತಿದ ಅಕ್ಷರ ತೆರೆಯಲ್ಲಿ ಕಾಣಿಸುವುದು. ಪಾಸ್‌ವರ್ಡ್ ಕೇಳುವಾಗ ಆಫ್ ಮಾಡುತ್ತೇವಲ್ಲ, ಅದು. ‘ಪ್ರತಿಧ್ವನಿ’, ‘ಮಾರ್ದನಿ’ ಎರಡೂ ಕಿವಿಯ ಪದಗಳು, ಇಲ್ಲಿರುವುದು ಕಣ್ಣಿನ ವಿಷಯ. ‘ಮರುಕಾಣಿಕೆ’ ಅಂತ ಮಾಡಿ ನೋಡಿದೆ, ಯಾರೋ ಉಡುಗೊರೆ ವಾಪಸ್ ಕೊಟ್ಟ ಹಾಗೆ ಕೇಳಿಸಿತು. ಆಮೇಲೆ ಯೋಚಿಸಿದರೆ, ನಾವು ಒತ್ತಿದ ಅಕ್ಷರ ನೇರ ತೆರೆಗೆ ಹೋಗುವುದಿಲ್ಲ. ಡ್ರೈವರ್‌ವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಕಾಣಿಸುತ್ತೆ. ಆ ತಿರುಗಿ ಬರುವುದು ‘ಮಾರ್ದನಿ’ಯ ‘ಮಾರ್’ನಲ್ಲಿದೆ, ಮಾರುತ್ತರದಲ್ಲಿ ಇರುವ ಹಾಗೆ. ‘ದನಿ’ಯನ್ನು ಬಿಟ್ಟು ‘ಮಾರು’ ಮಾತ್ರ ಇಟ್ಟುಕೊಂಡು ಒಂದು ಪದ ಕಟ್ಟಲು ಬರುತ್ತದಾ? ‘ಮಾರಚ್ಚು’ ಅಂತ ಒಂದು ಹೊಳೆದಿದೆ, ಬಾಯಲ್ಲಿ ಹೇಳಿ ನೋಡಿ ಹೇಗಿದೆ ತಿಳಿಸಿ. ಆಗದಿದ್ದರೆ ಎಕೋ ಅಂತಲೇ ಉಳಿಸುತ್ತೇನೆ.

ಸೂಡೋ ಟರ್ಮಿನಲ್‌ಗೆ (ಯಂತ್ರವಿಲ್ಲದೆ ತಂತ್ರಾಂಶದಲ್ಲೇ ಇರುವ ಟರ್ಮಿನಲ್‌ಗೆ) ‘ಹುಸಿ ಟರ್ಮಿನಲ್’ ಎಂದು ಬರೆದಿದ್ದೇನೆ. ಇದಕ್ಕೆ ಯಾರದ್ದಾದರೂ ತಕರಾರು ಇದೆಯಾ?