ಜಗಲಿಯಲ್ಲಿ ಕಂಡ ರೆಕ್ಕೆಗಳನ್ನು ಮೂರು ಸಾಲಿಗೆ ತರುವುದು ಹೇಗೆ?

ಪ್ರಶ್ನೆ

ಕಳೆದ ವಾರ ವರ್ಷದ ಮೊದಲ ಮಳೆ ಸುರಿದ ರಾತ್ರಿ ನಮ್ಮ ಜಗಲಿಯ ದೀಪಕ್ಕೆ ಮಳೆಹುಳುಗಳು ಮುತ್ತಿಕೊಂಡಿದ್ದವು. ಬೆಳಿಗ್ಗೆ ಕಸ ಗುಡಿಸಲು ಹೋದಾಗ ನೆಲದ ತುಂಬ ಬರೀ ರೆಕ್ಕೆಗಳಿದ್ದವು. ಅದನ್ನು ಹೈಕು ಎಂಬ ಜಪಾನಿನ ಮೂರು ಸಾಲಿನ ಕಿರುಗವಿತೆಯಾಗಿಸಲು ಹೀಗೆ ಯತ್ನಿಸಿದ್ದೇನೆ:

ದೀಪದ ಮೋಹಕ್ಕೆ
ರೆಕ್ಕೆ ಕಳೆದುಕೊಂಡ ಜೀವ
ಬದುಕೆಷ್ಟು ನಶ್ವರ

ಓದಿದವರು ಚೆನ್ನಾಗಿದೆ ಎಂದರು. ಆದರೆ ಆ ಬೆಳಿಗ್ಗೆ ನನ್ನನ್ನು ತಡೆದು ನಿಲ್ಲಿಸಿದ್ದು ಯಾವುದೋ, ಅದು ಈ ಸಾಲುಗಳಲ್ಲಿ ಇಲ್ಲ. ಹೈಕುವಿನ ಮೂರು ಸಾಲುಗಳಿಗೆ ಹೇಳುವ 5, 7, 5 ಎಂಬ ಲೆಕ್ಕವನ್ನು ಕನ್ನಡದಲ್ಲಿ ಅಕ್ಷರಗಳಿಂದಲೇ ಎಣಿಸಬೇಕೇ ಎಂಬುದನ್ನೂ ತಿಳಿಸಿ.

ಮೊದಲ ಉತ್ತರ

ಮೂರನೆಯ ಸಾಲನ್ನು ದಯವಿಟ್ಟು ಬಿಟ್ಟುಬಿಡಿ. ನೀವು ಜಗಲಿಯಲ್ಲಿ ಕಂಡದ್ದು ರೆಕ್ಕೆಗಳನ್ನು, ನಶ್ವರತೆಯನ್ನಲ್ಲ. ಮಳೆಹುಳುಗಳೆಂದರೆ ರೆಕ್ಕೆ ಬಂದ ಗೆದ್ದಲುಗಳು. ಹಾರಾಟ ಮುಗಿದ ಮೇಲೆ ಅವು ತಾವಾಗಿಯೇ ರೆಕ್ಕೆಗಳನ್ನು ಬುಡದಲ್ಲಿ ಮುರಿದು ಉದುರಿಸಿ, ಜೋಡಿಯಾಗಿ ಮಣ್ಣಿಗಿಳಿದು ಹೊಸ ಸಂಸಾರ ಹೂಡುತ್ತವೆ. ಹಲ್ಲಿ, ಹಕ್ಕಿಗಳ ಪಾಲಾಗುವುದೇ ಹೆಚ್ಚು ಎಂಬುದು ನಿಜವಾದರೂ ಬಿದ್ದ ರೆಕ್ಕೆಯೊಂದೇ ಸಾವಿಗೆ ಸಾಕ್ಷಿಯಾಗುವುದಿಲ್ಲ. ನೀವು ‘ಕಳೆದುಕೊಂಡ’ ಎಂದದ್ದನ್ನು ಅವು ಕಳಚಿಟ್ಟು ಹೋಗಿರಬಹುದು. ಪೊರಕೆ ತಾಗಿದಾಗ ಏನಾಯಿತು ಎಂದು ನೆನಪಿಸಿಕೊಂಡು ಹೇಳಿ.

ಪ್ರಶ್ನೆ ಕೇಳಿದವರು

ಪೊರಕೆ ತಾಗುವ ಮೊದಲೇ ಅದರ ಗಾಳಿಗೆ ರೆಕ್ಕೆಗಳು ಎದ್ದು ಹಾರಿದವು. ಎಷ್ಟು ಗುಡಿಸಿದರೂ ಮೊರದೊಳಗೆ ನಿಲ್ಲಲಿಲ್ಲ.

ಎರಡನೆಯ ಉತ್ತರ

ನಿಮ್ಮ ಕವಿತೆ ಈ ಮಾತಿನಲ್ಲೇ ಇದೆ. ಇನ್ನು ಲೆಕ್ಕದ ವಿಷಯ. ಜಪಾನೀ ಭಾಷೆಯಲ್ಲಿ ಎಣಿಸುವುದು ಉಚ್ಚಾರದ ಕಾಲವನ್ನು: ದೀರ್ಘ ಸ್ವರಕ್ಕೆ ಎರಡು, ಸ್ವರವಿಲ್ಲದೆ ನಿಲ್ಲುವ ಅನುನಾಸಿಕಕ್ಕೆ ಪ್ರತ್ಯೇಕವಾಗಿ ಒಂದು. ದೀರ್ಘಾಕ್ಷರವನ್ನೂ, ಅನುಸ್ವಾರವಿರುವ ಅಕ್ಷರವನ್ನೂ, ಒತ್ತಕ್ಷರದ ಹಿಂದಿನ ಅಕ್ಷರವನ್ನೂ ಗುರುವೆಂದು ಕರೆದು ಎರಡು ಮಾತ್ರೆ ಕೊಡುವ ನಮ್ಮ ಛಂದಸ್ಸಿಗೆ ಇದು ತೀರ ಹತ್ತಿರವಾದುದರಿಂದ, ಅಕ್ಷರಕ್ಕಿಂತ ಮಾತ್ರೆಯನ್ನು ಎಣಿಸುವುದು ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ. ಹೈಕು ಬಯಸುವ ಋತುಸೂಚಕ ಪದವಂತೂ ನಮ್ಮ ರೈತರ ಬಾಯಲ್ಲೇ ಇದೆ. ಅವರು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ನಿಮ್ಮದು ಮೇ ಮೊದಲ ವಾರದ ಮಳೆಯಾಗಿದ್ದರೆ ಅದು ಭರಣಿ.

ಭರಣಿ ಮಳೆ
ಗುಡಿಸೆ ಹಾರಿತು
ಬರಿ ರೆಕ್ಕೆ

ಮಾತ್ರೆ ಎಣಿಸಿ ನೋಡಿ, 5, 7, 5 ಬರುತ್ತದೆ. ದೀಪವನ್ನೂ ರಾತ್ರಿಯನ್ನೂ ಹೇಳದೆ ಬಿಟ್ಟಿದ್ದೇನೆ, ಏಕೆಂದರೆ ಮಳೆಹುಳುವನ್ನು ಕಂಡವರಿಗೆ ರೆಕ್ಕೆಯೆಂದರೆ ಸಾಕು.

ಪ್ರಶ್ನೆ ಕೇಳಿದವರು

ಹೌದು, ಅದು ಭರಣಿ ಮಳೆಯೇ. ಮೂರೂ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಮೊದಲನೆಯದೂ ಕೊನೆಯದೂ ನನ್ನ ಜಗಲಿಯವೇ ಅನ್ನಿಸಿತು. ‘ಗುಡಿಸೆ’ ಎಂಬ ರೂಪ ಮಾತ್ರ ಪುಸ್ತಕದ್ದು, ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಎರಡು ಮಾತ್ರೆ ಹೆಚ್ಚಾದರೂ ‘ಗುಡಿಸಿದರೆ ಹಾರಿತು’ ಎಂದೇ ಬರೆದುಕೊಂಡಿದ್ದೇನೆ.