ಪದಚರ್ಚೆ: ಹಾಯಿದೋಣಿಯ ಬ್ಯಾಟರಿಗೆ ‘ಡ್ರೈ’, ‘ಖಾಲಿ’, ‘ಪೆಟ್ಟಿಗೆ’ ಎಂಬ ಮಾತುಗಳು ಒಗ್ಗುತ್ತವೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಸುಮಾರು 26 ಅಡಿ ಉದ್ದದ ಹಾಯಿದೋಣಿಗೆ ಬ್ಯಾಟರಿ ಆರಿಸುವುದು ಹೇಗೆ, ಆರಿಸಿದ್ದನ್ನು ದೋಣಿಯೊಳಗೆ ಎಲ್ಲಿ, ಹೇಗೆ ಕೂರಿಸಬೇಕು ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದನ್ನು ಓದಬೇಕಾದವರು ನಮ್ಮ ಕರಾವಳಿಯ ಎಲೆಕ್ಟ್ರಿಷಿಯನ್ನರು. ಲಾರಿ, ಬಸ್ಸು, ಮೀನುಗಾರಿಕೆ ಬೋಟುಗಳಲ್ಲಿ ಕೈ ಪಳಗಿದವರು. ಡೀಸೆಲ್ ಬೋಟಿನಲ್ಲಿ ಎಂಜಿನ್ ಓಡುತ್ತಲೇ ಇರುವುದರಿಂದ ಬ್ಯಾಟರಿಯೂ ತುಂಬುತ್ತಲೇ ಇರುತ್ತದೆ. ಹಾಯಿದೋಣಿಯಲ್ಲಿ ಎಂಜಿನ್ನಿಗೆ ಕೆಲಸ ಬಂದರು ಬಿಡುವಾಗ ಮತ್ತು ಸೇರುವಾಗ ಮಾತ್ರ. ಉಳಿದ ಹೊತ್ತೆಲ್ಲ ದೀಪ, ರೇಡಿಯೊ, ಜಿಪಿಎಸ್, ಚುಕ್ಕಾಣಿ ಹಿಡಿಯುವ ಆಟೊಪೈಲಟ್ ಎಲ್ಲವೂ ಬ್ಯಾಟರಿಯನ್ನು ಕುಡಿಯುತ್ತಲೇ ಇರುತ್ತವೆ. ಹಾಗಾಗಿ ಗ್ಯಾರೇಜಿನಲ್ಲಿ ನಡೆಯುವ ಕೆಲವು ಮಾತುಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಬ್ಯಾಟರಿಯ ಜಾತಿ. ದೋಣಿಯಲ್ಲಿ ಎರಡು ಬ್ಯಾಟರಿಗಳನ್ನು ಬೇರೆಬೇರೆ ಇಡುವುದು ವಾಡಿಕೆ: ಒಂದು ಎಂಜಿನ್ ಸ್ಟಾರ್ಟ್ ಮಾಡಲು, ಇನ್ನೊಂದು ದಿನವಿಡೀ ಬಳಸಲು. ಎರಡನೆಯದನ್ನು ಇಂಗ್ಲಿಷಿನಲ್ಲಿ ಕರೆಯುವ ಹಾಗೆ ‘ಮನೆ ಬ್ಯಾಟರಿ’ ಎಂದು ಬರೆದರೆ ನಮ್ಮವರ ಕಣ್ಣಿಗೆ ಬರುವುದು ಮನೆಯ ಇನ್ವರ್ಟರಿನ ಪಕ್ಕದಲ್ಲಿರುವ ಎತ್ತರದ ಟ್ಯೂಬುಲರ್ ಬ್ಯಾಟರಿ. ಅದನ್ನೇ ತಂದು ದೋಣಿಯಲ್ಲಿಟ್ಟರೆ ಕಷ್ಟ. 150 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ) ಟ್ಯೂಬುಲರ್ 50 ಕಿಲೋ ದಾಟುತ್ತದೆ, ಎತ್ತರ ಹೆಚ್ಚು, ಒಳಗೆ ತೆರೆದ ಆಸಿಡ್. ದೋಣಿ ಹೆಚ್ಚು ವಾಲಿದರೆ ಮುಚ್ಚಳದ ಸಂದಿಯಿಂದ ಆಸಿಡ್ ಒಸರಬಹುದು. ‘ಡೀಪ್ ಸೈಕಲ್’ (ಬಹಳಷ್ಟು ಇಳಿಸಿ ಮತ್ತೆಮತ್ತೆ ತುಂಬಿಸಲು ಮಾಡಿದ ಬ್ಯಾಟರಿ) ಎಂಬುದಕ್ಕೆ ‘ಆಳ ಆವರ್ತನ’ ಎಂಬ ಅನುವಾದವನ್ನು ಒಂದೆಡೆ ನೋಡಿದೆ. ಓದಿದವನಿಗೆ ಏನೂ ಹೊಳೆಯುವುದಿಲ್ಲ. ನಮ್ಮ ಅಂಗಡಿಗಳಲ್ಲಿ ‘ಗಾಡಿ ಬ್ಯಾಟರಿ’, ‘ಇನ್ವರ್ಟರ್ ಬ್ಯಾಟರಿ’ ಎಂಬ ಭೇದ ಈಗಾಗಲೇ ಇದೆ, ಮತ್ತು ಅದು ಸರಿಯಾದ ಭೇದ. ಗಾಡಿಯದರಲ್ಲಿ ತೆಳು ಪ್ಲೇಟುಗಳು ಹೆಚ್ಚು. ಕೆಲವೇ ಸೆಕೆಂಡು ಭಾರಿ ಕರೆಂಟು ಕೊಟ್ಟು ಸುಮ್ಮನಾಗಲು ಮಾಡಿದ್ದು. ಇನ್ವರ್ಟರಿನದಕ್ಕೆ ದಪ್ಪ ಪ್ಲೇಟು. ನಿಧಾನವಾಗಿ ಇಳಿದು ಮತ್ತೆ ತುಂಬಿಸಿಕೊಳ್ಳಲು ಮಾಡಿದ್ದು. ಈ ತಿಳಿವಳಿಕೆಯ ಮೇಲೆಯೇ ಕಟ್ಟಬಹುದೆಂದು ‘ಸೆಲ್ಫ್ ಬ್ಯಾಟರಿ’ ಮತ್ತು ‘ಬಳಕೆ ಬ್ಯಾಟರಿ’ ಎಂದು ಬರೆದಿದ್ದೇನೆ. ‘ಸೆಲ್ಫ್ ಎತ್ತುತ್ತಿಲ್ಲ’ ಎಂದು ದಿನಾ ಹೇಳುವವರಿಗೆ ಮೊದಲನೆಯದನ್ನು ವಿವರಿಸಬೇಕಾಗಿಲ್ಲ. ಎರಡನೆಯದಕ್ಕೆ ಇದಕ್ಕಿಂತ ಒಳ್ಳೆಯ ಮಾತಿದ್ದರೆ ತಿಳಿಸಿ.

ಇನ್ನು ‘ಡ್ರೈ ಬ್ಯಾಟರಿ’. ನನಗೆ ಹೆಚ್ಚು ತೊಡಕು ತಂದಿರುವ ಮಾತು ಇದು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ‘ಶುಷ್ಕಕೋಶ’ ಎಂದರೆ ಟಾರ್ಚಿನ ಸೆಲ್. ಮುಗಿದ ಮೇಲೆ ಎಸೆಯುವಂಥದು. ಅಂಗಡಿಯಲ್ಲಿ ‘ಡ್ರೈ’ ಎಂದರೆ ನೀರು ಹಾಕಬೇಕಿಲ್ಲದ, ಮೇಲೆ ಬಿರಡೆ ಇಲ್ಲದ ಯಾವ ಬ್ಯಾಟರಿಯಾದರೂ ಆದೀತು. ಈ ಒಂದೇ ಮಾತಿನೊಳಗೆ ಮೂರು ವಸ್ತುಗಳು ಅಡಗಿವೆ. ಮೊದಲನೆಯದು ಒಳಗೆ ಎಂದಿನಂತೆ ಆಸಿಡ್ ಇದ್ದು ಮೇಲೆ ಮಾತ್ರ ಮುಚ್ಚಿದ್ದು. ಇನ್ನೊಂದು, ಗಾಜಿನ ನೂಲಿನ ಚಾಪೆಯಲ್ಲಿ ಆಸಿಡನ್ನು ಹೀರಿಸಿಟ್ಟ ಎಜಿಎಂ. ಮತ್ತೊಂದು, ಆಸಿಡನ್ನು ಲೋಳೆಯಾಗಿಸಿದ ಜೆಲ್. ಇವುಗಳಲ್ಲಿ ಯಾವುದೂ ಒಣಗಿದ್ದಲ್ಲ.

ದೋಣಿಯಲ್ಲಿ ಈ ಭೇದಕ್ಕೆ ಬೆಲೆಯಿದೆ. ಎಜಿಎಂ ಚಾರ್ಜ್ ಆಗುವಾಗ 14.4ರಿಂದ 14.7 ವೋಲ್ಟ್‌ವರೆಗೆ ಕೊಡಬಹುದು. ಅಷ್ಟನ್ನೇ ಜೆಲ್‌ಗೆ ಕೊಟ್ಟರೆ ಲೋಳೆಯೊಳಗೆ ಗುಳ್ಳೆಗಳೆದ್ದು ಅಲ್ಲೇ ಉಳಿಯುತ್ತವೆ. ಆ ಜಾಗದ ಪ್ಲೇಟು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಜೆಲ್‌ಗೆ ಸಾಮಾನ್ಯವಾಗಿ 14.1, 14.2ರ ಆಸುಪಾಸೇ ಮಿತಿ. ಚಾರ್ಜರಿನ ಗುಂಡಿಯನ್ನು ಯಾವ ಗುರುತಿಗೆ ತಿರುಗಿಸಬೇಕು ಎಂದು ಓದುವವನು ಕೇಳಿದಾಗ ‘ಡ್ರೈ’ ಎಂಬ ಮಾತು ಉತ್ತರ ಕೊಡುವುದಿಲ್ಲ. ಆದ್ದರಿಂದ ಕೈಪಿಡಿಯಿಂದ ಅದನ್ನು ಪೂರ್ತಿ ತೆಗೆದು ‘ನೀರಿನ ಬ್ಯಾಟರಿ’ (ಒಳಗೆ ಆಸಿಡ್ ದ್ರವವಾಗಿಯೇ ಇರುವುದು), ‘ಎಜಿಎಂ’, ‘ಜೆಲ್’ ಎಂದು ಇಡಬೇಕು ಎಂಬುದು ನನ್ನ ನಿಲುವು. ‘ನೀರಿನ ಬ್ಯಾಟರಿ’ ಎಂದು ಮೆಕ್ಯಾನಿಕ್ಕುಗಳು ಹೇಳುವುದನ್ನು ಕೇಳಿದ್ದೇನೆ. ‘ಸೀಸ-ಆಮ್ಲ ಸಂಚಾಯಕ’ಕ್ಕಿಂತ ಅದು ಎಷ್ಟೋ ಮೇಲು.

ಮುಂದಿನದು ‘ಖಾಲಿ’. ನಮ್ಮಲ್ಲಿ ಬ್ಯಾಟರಿಯ ಸ್ಥಿತಿಯನ್ನು ಹೇಳಲು ಚೆನ್ನಾದ ಮಾತುಗಳಿವೆ: ಚಾರ್ಜ್ ಇಳಿದಿದೆ, ಡೌನ್ ಆಗಿದೆ, ವೀಕ್ ಆಗಿದೆ, ಸೆಲ್ ಹೋಗಿದೆ, ಚಾರ್ಜ್ ನಿಲ್ಲುತ್ತಿಲ್ಲ. ಕೊನೆಯದಂತೂ ಬಲು ಖಚಿತವಾದದ್ದು. ‘ಇಳಿದಿದೆ’ ಎಂದರೆ ತುಂಬಿಸಿದರೆ ಸರಿಹೋಗುತ್ತದೆ. ‘ನಿಲ್ಲುತ್ತಿಲ್ಲ’ ಎಂದರೆ ತುಂಬಿಸಿಕೊಳ್ಳುವ ಶಕ್ತಿಯೇ ಕುಂದಿದೆ. ‘ಖಾಲಿ’ ಮಾತ್ರ ಈ ಎರಡನ್ನೂ ಕಲಸಿಬಿಡುತ್ತದೆ. ಜೊತೆಗೆ, ‘ಖಾಲಿಯಾಗುವವರೆಗೆ ಬಳಸಬಹುದು’ ಎಂಬ ಭಾವವನ್ನೂ ತರುತ್ತದೆ. ಸೀಸದ ಬ್ಯಾಟರಿಯಲ್ಲಿ (ಮೇಲೆ ಹೇಳಿದ ಮೂರೂ ಸೀಸದವೇ) 100 ಎಎಚ್ ಎಂದು ಬರೆದಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು 50 ಮಾತ್ರ. ಅರ್ಧಕ್ಕಿಂತ ಕೆಳಗೆ ಮತ್ತೆಮತ್ತೆ ಇಳಿಸಿ, ಇಳಿದದ್ದನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚಾರ್ಜ್ ನಿಲ್ಲದಿರುವುದಕ್ಕೆ ಇದೇ ದೊಡ್ಡ ಕಾರಣ. ಒಂದಷ್ಟು ಹೊತ್ತು ಏನನ್ನೂ ಓಡಿಸದೆ ಸುಮ್ಮನೆ ಬಿಟ್ಟು ಮೀಟರ್ ಹಿಡಿದರೆ ತುಂಬಿದ ಬ್ಯಾಟರಿ 12.7 ತೋರಿಸುತ್ತದೆ, ಅರ್ಧ ಇಳಿದದ್ದು 12.2. ನಡುವೆ ಇರುವುದು ಅರ್ಧ ವೋಲ್ಟ್ ಅಷ್ಟೇ. ಅದಕ್ಕೇ ಕೈಪಿಡಿಯಲ್ಲಿ ‘ಖಾಲಿ’ ಎಂದು ಬರೆಯದೆ ‘ಅರ್ಧ ಇಳಿದ’, ‘ಪೂರ್ತಿ ಇಳಿದ’ ಎಂದೇ ಬರೆಯುತ್ತಿದ್ದೇನೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬಂದರೆ ‘ಇಳಿದ’ ಎಂಬುದೂ ಸಾಲದು. ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಚಿಂತೆಯಿಲ್ಲದೆ ಬಳಸಬಹುದು. ಸೀಸದ 100 ಎಎಚ್ 30 ಕಿಲೋ ತೂಗುವಲ್ಲಿ ಇದು 12 ಕಿಲೋ ಆಸುಪಾಸು. ಆದರೆ ಇಳಿಯುತ್ತಿರುವುದು ವೋಲ್ಟ್‌ನಲ್ಲಿ ಕಾಣುವುದೇ ಇಲ್ಲ, ಬಹುಹೊತ್ತು 13.2ರ ಹತ್ತಿರವೇ ನಿಂತು, ಕೊನೆಗೆ ಅದರೊಳಗಿನ ಕಾವಲು ಸರ್ಕ್ಯೂಟ್ ಒಮ್ಮೆಲೇ ಕರೆಂಟನ್ನು ಕಡಿದುಹಾಕುತ್ತದೆ. ಇದಕ್ಕೆ ‘ಕೈಕೊಟ್ಟಿತು’ ಎಂಬ ಮಾತು ಅಕ್ಷರಶಃ ಒಪ್ಪುತ್ತದೆ. ಬ್ಯಾಟರಿ ಹಾಳಾಗಿಲ್ಲ, ತನ್ನನ್ನು ಉಳಿಸಿಕೊಳ್ಳಲು ಬಾಗಿಲು ಹಾಕಿದೆ. ಈ ಸ್ಥಿತಿಗೆ ‘ಕಡಿತ’ ಎಂದು ಬರೆದಿದ್ದೇನೆ. ವಿದ್ಯುತ್ ಕಡಿತ ಎಲ್ಲರಿಗೂ ಗೊತ್ತಿರುವುದರಿಂದ ಹೊಂದೀತು ಅನ್ನಿಸಿತು.

ಅಂಗಡಿಯವರು ‘150 ಆಂಪಿಯರ್ ಬ್ಯಾಟರಿ’ ಎನ್ನುವುದನ್ನು ಮಾತಿನಲ್ಲಿ ಬಿಟ್ಟರೂ ಬರಹದಲ್ಲಿ ಬಿಡಬಾರದು. ಆಂಪಿಯರ್ ಹರಿವಿನ ಅಳತೆ. ಬ್ಯಾಟರಿಯ ಮೇಲಿರುವುದು ಆಂಪಿಯರ್-ಗಂಟೆ. ಲಂಗರು ಹಾಕಿದಾಗ ಉರಿಸುವ ಎಲ್‌ಇಡಿ ದೀಪ 0.2 ಆಂಪಿಯರ್ ಎಳೆದರೆ 12 ಗಂಟೆಯ ರಾತ್ರಿಗೆ 2.4 ಆಂಪಿಯರ್-ಗಂಟೆ. ಪುಟ್ಟ ಫ್ರಿಜ್ ಓಡುವಾಗ 4 ಆಂಪಿಯರ್ ಎಳೆದು ದಿನದ ಅರ್ಧ ಹೊತ್ತು ಓಡಿದರೆ 48. ಫ್ರಿಜ್ ಬೇಕೋ ಬೇಡವೋ ಎಂಬುದೇ ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಈ ಲೆಕ್ಕ ಓದುಗರ ಕೈಗೆ ಸಿಗಬೇಕಾದರೆ ‘ಗಂಟೆ’ ಎಂಬುದು ಕಣ್ಣಿಗೆ ಕಾಣಲೇಬೇಕು. ಹಾಗಾಗಿ ‘ಎಎಚ್’ ಎಂಬುದನ್ನು ಮೊದಲ ಸಲ ಬಿಡಿಸಿ ಬರೆದೇ ಮುಂದುವರಿಯುತ್ತೇನೆ.

ಕೂರಿಸುವ ಜಾಗದ ಮಾತು. ಬ್ಯಾಟರಿ ದೋಣಿಯ ನಡುಭಾಗದಲ್ಲಿ, ಆದಷ್ಟು ತಗ್ಗಿನಲ್ಲಿ, ಎಂಜಿನ್ನಿನ ಬಿಸಿಯಿಂದ ದೂರ ಇರಬೇಕು. ಅದನ್ನಿಡುವ ವಸ್ತುವಿಗೆ ‘ಪೆಟ್ಟಿಗೆ’ ಎಂದರೆ ಬಿಗಿಯಾಗಿ ಮುಚ್ಚುವ ಮುಚ್ಚಳ ನೆನಪಾಗುತ್ತದೆ. ಇಲ್ಲಿ ಹಾಗೆ ಮುಚ್ಚಿದರೆ ಅಪಾಯ. ನೀರಿನ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4ರಷ್ಟು ಸೇರಿದರೆ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಗಾಳಿಗಿಂತ ಹಗುರವಾದ್ದರಿಂದ ಅದು ಹೊರಹೋಗುವ ಕಿಂಡಿ ಮೇಲ್ಗಡೆಯೇ ಇರಬೇಕು. ‘ಗೂಡು’ ಎಂದು ಯೋಚಿಸಿದೆ. ಗೋಡೆಯ ದೀಪದ ಗೂಡಿನ ಹಾಗೆ ಮುಂದೆ ತೆರೆದಿರುವುದು ಎಂಬ ಅರ್ಥ ಬಂದು, ಹಿಡಿದಿಡುವ ಗುಣ ಮರೆಯಾಗುತ್ತದೆ. ಕೊನೆಗೆ ‘ತೊಟ್ಟಿ’ ಎಂಬುದಕ್ಕೆ ಬಂದು ನಿಂತಿದ್ದೇನೆ. ಆಸಿಡ್ ಚೆಲ್ಲಿದರೆ ತಳಕ್ಕೆ ಇಳಿಯದಂತೆ ಹಿಡಿಯುವ, ಆಸಿಡ್ ತಿನ್ನದ ಪ್ಲಾಸ್ಟಿಕ್ಕಿನ ತೊಟ್ಟಿ. ಅದರ ಮೇಲೆ ಕಿಂಡಿಯಿರುವ ಮುಚ್ಚಳ. ಆ ತೊಟ್ಟಿ ಕಡಲ ನೀರು ಒಳನುಗ್ಗದಷ್ಟು ಎತ್ತರದಲ್ಲಿರಬೇಕು. ಉಪ್ಪುನೀರು ಬ್ಯಾಟರಿಯೊಳಕ್ಕೆ ಹೊಕ್ಕರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಹಿಂದಿನ ಜಲಾಂತರ್ಗಾಮಿಗಳ ನಾವಿಕರಿಗೆ ಇದರ ಭಯ ಬಹಳವಾಗಿತ್ತು.

ಇಲ್ಲೇ ಕರಾವಳಿಯ ಮಾತು ನನಗೆ ದೊಡ್ಡ ಆಸರೆಯಾಯಿತು. ದೋಣಿ ಗಾಳಿಗೆ ಒಂದೇ ಕಡೆಗೆ ಬಾಗಿ ಗಂಟೆಗಟ್ಟಲೆ ಹಾಗೇ ಓಡುವುದು ‘ವಾಲುವುದು’. ಅಲೆಗೆ ಅತ್ತಿತ್ತ ಆಗುವುದು ‘ಹೊಯ್ದಾಡುವುದು’. ತಲೆಕೆಳಗಾಗುವುದು ‘ಮಗುಚುವುದು’. ಡೀಸೆಲ್ ಬೋಟಿನ ಎಲೆಕ್ಟ್ರಿಷಿಯನ್ ಹೊಯ್ದಾಟವನ್ನು ಲೆಕ್ಕಕ್ಕಿಟ್ಟು ಬ್ಯಾಟರಿಯನ್ನು ಕಟ್ಟುತ್ತಾನೆ. ಹಾಯಿದೋಣಿಯ ವಾಲುವಿಕೆಯನ್ನು ಅವನು ಹೊಸದಾಗಿ ಲೆಕ್ಕ ಹಾಕಬೇಕು. ಹಾಗಾಗಿ ಆ ಭಾಗದ ಸೂಚನೆಯನ್ನು ಹೀಗೆ ಬರೆದಿದ್ದೇನೆ: ‘ಹೊಯ್ದಾಡಿದರೆ ಅಲುಗಬಾರದು, ವಾಲಿದರೆ ಆಸಿಡ್ ಒಸರಬಾರದು, ಮಗುಚಿದರೂ ಪಟ್ಟಿ ಬಿಟ್ಟು ಬೀಳಬಾರದು.’ 30 ಕಿಲೋದ ಸೀಸ ಕ್ಯಾಬಿನ್ನಿನೊಳಗೆ ಹಾರಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ತಂತಿಗಳ ಬಗ್ಗೆ ಎರಡೇ ಮಾತು. ಟರ್ಮಿನಲ್ಲಿನ ಹಸಿರು ಹಿಟ್ಟಿಗೆ ‘ತುಕ್ಕು’ ಎಂದು ಬರೆಯುವವರಿದ್ದಾರೆ. ತುಕ್ಕು ಕಬ್ಬಿಣದ್ದು, ತಾಮ್ರದ್ದು ‘ಕಿಲುಬು’. ಕಡಲಿನ ದೋಣಿಯ ಹಳೆಯ ವೈರನ್ನು ಸೀಳಿ ನೋಡಿದರೆ ತುದಿಯಿಂದ ಬಹಳ ಒಳಗಿನವರೆಗೂ ಎಳೆಗಳು ಕಪ್ಪಾಗಿ ಪುಡಿಪುಡಿಯಾಗಿರುತ್ತವೆ; ಉಪ್ಪಿನ ತೇವ ಸಂದಿಯಲ್ಲಿ ಏರಿರುತ್ತದೆ. ಅದಕ್ಕಾಗಿಯೇ ಒಂದೊಂದು ಎಳೆಗೂ ತವರ ಸವರಿದ ತಾಮ್ರದ ವೈರನ್ನು ದೋಣಿಯಲ್ಲಿ ಬಳಸುತ್ತಾರೆ. ಪಾತ್ರೆಗೆ ಹಾಕುವ ‘ಕಲಾಯಿ’ಯೇ ಇದು; ಹಾಗಾಗಿ ‘ಕಲಾಯಿ ವೈರು’ ಎಂದಿದ್ದೇನೆ. ಇದನ್ನು ಯಾರಾದರೂ ಒಪ್ಪದಿದ್ದರೆ ಕಾರಣ ತಿಳಿಸಿ, ನನಗಂತೂ ಬಹಳ ಹಿಡಿಸಿದೆ.

ಉಳಿದಿರುವುದು ಒಂದು ಜಾಗದ ಹೆಸರು. ದೋಣಿಯ ಒಳಗೆ, ಕಾಲಿಡುವ ಹಲಗೆಗಳ ಕೆಳಗೆ, ಒಸರಿದ ನೀರೆಲ್ಲ ಬಂದು ಸೇರುವ ತಳವಿದೆಯಲ್ಲ, ಬ್ಯಾಟರಿಯ ತೊಟ್ಟಿಯನ್ನು ಅಲ್ಲಿಡಬಾರದು ಎಂದು ದಪ್ಪ ಅಕ್ಷರದಲ್ಲಿ ಹೇಳಬೇಕಾಗಿದೆ. ‘ತಳ’ ಎಂದರೆ ದೋಣಿಯ ಹೊರಮೈ ಎಂದೂ ಅರ್ಥವಾದೀತು. ಕಾರವಾರ, ಹೊನ್ನಾವರ, ಗಂಗೊಳ್ಳಿ, ಮಲ್ಪೆ, ಮಂಗಳೂರಿನ ಬಂದರು, ಇವುಗಳ ಆಸುಪಾಸಿನವರು ಬಳಗದಲ್ಲಿದ್ದರೆ, ಬೆಳಿಗ್ಗೆ ದೋಣಿಯಿಂದ ನೀರು ಮೊಗೆದು ಚೆಲ್ಲುವವರು ಆ ಜಾಗಕ್ಕೆ ಏನೆಂದು ಕರೆಯುತ್ತಾರೆ ಎಂದು ಕೇಳಿ ತಿಳಿಸುತ್ತೀರಾ? ತುಳು, ಕೊಂಕಣಿ, ಬ್ಯಾರಿಯ ಮಾತಾದರೂ ಸರಿ.